ಮಂಡಿ ಬಂತು, ನೆಲ ಹೋಯಿತು

ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಹಾಲಿನ ತುಂಬ ಜಮಖಾನ, ನಡುವೆ ಹೋಮಕುಂಡ, ಗೋಡೆ ಪಕ್ಕ ಒಂದು ಸಾಲು ಪ್ಲಾಸ್ಟಿಕ್ ಕುರ್ಚಿ. ಈ ಸಾಲನ್ನು ನೀವೂ ನೋಡಿರುತ್ತೀರಿ. ನಾನು ಚಿಕ್ಕವಳಿದ್ದಾಗ ಶುಭಕಾರ್ಯದ ಮನೆಯಲ್ಲಿ ಕುರ್ಚಿ ಅಂದರೆ ಎಂಬತ್ತು ದಾಟಿದ ಒಬ್ಬಿಬ್ಬರಿಗೆ, ಇಲ್ಲವೇ ಯಾರಾದರೂ ದೊಡ್ಡ ಸಾಹೇಬರಿಗೆ. ಈಗ ಐವತ್ತೈದರ ಹೆಂಗಸರೂ ಒಳಗೆ ಕಾಲಿಡುತ್ತಲೇ ಖಾಲಿ ಕುರ್ಚಿ ಎಲ್ಲಿದೆ ಅಂತ ಕಣ್ಣಾಡಿಸುತ್ತಾರೆ. ಆ ಸಾಲಿನ ಮಾತೂ ಬೇರೆ. ಸೀರೆ, ಚಿನ್ನದ ರೇಟು, ಮಕ್ಕಳ ವೀಸಾ ಎಲ್ಲ ಆಮೇಲೆ. ಮೊದಲು ಯಾವ ಡಾಕ್ಟರು, ಯಾವ ಎಣ್ಣೆ, ಇಂಜೆಕ್ಷನ್ ಹಾಕಿಸಿಕೊಂಡರೆ ಎಷ್ಟು ದಿನ ತಡೆಯುತ್ತೆ. ಕೆಳಗೆ ಜಮಖಾನದ ಮೇಲೆ ಹೂವು, ಅರಿಶಿನ ಕುಂಕುಮದ ತಟ್ಟೆ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ನಮ್ಮ ಸಾಲಿಗೆ ಅದನ್ನು ಯಾರಾದರೂ ಎದ್ದು ತಂದು ಕೊಡಬೇಕು.

ನಾನೂ ಅಲ್ಲೇ ಕೂತಿದ್ದೆ. ಬಲ ಮಂಡಿ ಬದಲಾಯಿಸಿಕೊಂಡು ವರ್ಷ ದಾಟಿದೆ. ಪಕ್ಕದಲ್ಲಿದ್ದವರು ನನ್ನ ಕಾಲನ್ನೇ ಒಂದು ಗಳಿಗೆ ನೋಡಿ ಕೇಳಿದರು: “ನಿಮ್ದು ಆಪರೇಷನ್ ಆಗಿದ್ಯಲ್ಲ ಮೇಡಂ, ಇನ್ನೂ ಯಾಕೆ ಕುರ್ಚಿ?”

ಏನೋ ಹೇಳಿ ನಕ್ಕೆ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅವರು ಕೇಳಿದ್ದು ಕೊಂಕಿನಿಂದ ಅಲ್ಲ. ಅವರಿಗೂ ಡಾಕ್ಟರು ಆಪರೇಷನ್ ಹೇಳಿದ್ದಾರಂತೆ, ನಿಜವಾಗಲೂ ತಿಳಿದುಕೊಳ್ಳಬೇಕಿತ್ತು. ಲಕ್ಷಗಟ್ಟಲೆ ಖರ್ಚು ಮಾಡಿ, ತಿಂಗಳುಗಟ್ಟಲೆ ಒದ್ದಾಡಿ, ಹೊಸ ಮಂಡಿ ಹಾಕಿಸಿಕೊಂಡವಳು ಮತ್ತೆ ಅದೇ ಸಾಲಿನಲ್ಲಿ ಬಂದು ಕೂತರೆ ಯಾರಿಗಾದರೂ ಅನುಮಾನ ಬರುತ್ತೆ, ಅಲ್ವಾ? ಉತ್ತರ ನನ್ನ ಹತ್ತಿರ ಇದೆ. ಗೃಹಪ್ರವೇಶದ ಗಲಾಟೆಯಲ್ಲಿ ಹೇಳುವಷ್ಟು ಚಿಕ್ಕದಲ್ಲ, ಅಷ್ಟೇ.

ಡಿಗ್ರಿ ಲೆಕ್ಕ

ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ರಿಟೈರ್ ಆದವಳು ನಾನು. ಬೋರ್ಡಿನ ಮುಂದೆ ನಿಂತೇ ಸರ್ವಿಸ್ ಮುಗಿಯಿತು. ನೋವು ಮೊದಲು ಬಂದಿದ್ದು ಮೆಟ್ಟಿಲು ಇಳಿಯುವಾಗ, ಆಮೇಲೆ ಬಸ್ ಹತ್ತುವಾಗ, ಕೊನೆಕೊನೆಗೆ ರಾತ್ರಿ ಮಗ್ಗಲು ಬದಲಾಯಿಸುವಾಗ. ನಮ್ಮ ಹೆಂಗಸರ ಮಂಡಿಗೊಂದು ಪಂಚಾಂಗ ಇರುತ್ತೆ. ಮಗಳ ಮದುವೆ ಮುಗಿಯಲಿ, ಅವಳ ಬಾಣಂತನ ಮುಗಿಯಲಿ, ಅತ್ತೆಯವರ ವರ್ಷದ ಕಾರ್ಯ ಮುಗಿಯಲಿ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಕಾಲು ಹೊರಕ್ಕೆ ಬಾಗಿರುತ್ತದೆ, ನಡಿಗೆ ತೂಗಾಡುತ್ತಿರುತ್ತದೆ, ಬೀದಿಯವರಿಗೆಲ್ಲ ದೂರದಿಂದಲೇ ‘ಇವರು ಇಂಥವರು’ ಅಂತ ಗುರುತು ಸಿಗುತ್ತಿರುತ್ತದೆ.

ಡಾಕ್ಟರು ನಿಲ್ಲಿಸಿ ಎಕ್ಸ್-ರೇ ತೆಗೆಸಿದರು. ಮಲಗಿಸಿ ತೆಗೆದರೆ ಸವೆತ ಸರಿಯಾಗಿ ಕಾಣುವುದಿಲ್ಲ. ಮೈಭಾರ ಬಿದ್ದಾಗಲೇ ಮೂಳೆಗಳ ನಡುವೆ ಜಾಗ ಎಷ್ಟು ಉಳಿದಿದೆ ಅಂತ ಗೊತ್ತಾಗೋದು. ನನ್ನ ಮಂಡಿಯ ಒಳಮಗ್ಗುಲಲ್ಲಿ ಜಾಗವೇ ಇರಲಿಲ್ಲ. ತೊಡೆಮೂಳೆ ಸೀದಾ ಕೆಳಗಿನ ಮೂಳೆಯ ಮೇಲೆ ಕೂತಿತ್ತು. ಇನ್ನು ನೋವು ಎಷ್ಟಿದೆ ಅಂತ ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ: “ಮನೇಲಿ ಯಾವ ಟಾಯ್ಲೆಟ್ಟು? ನೆಲದ ಮೇಲೆ ಕೂತು ಏನೇನು ಕೆಲಸ ಮಾಡ್ತೀರಿ?” ನಾನು ಪಟ್ಟಿ ಹೇಳುತ್ತಾ ಹೋದೆ. ಪೂಜೆ, ತರಕಾರಿ ಹೆಚ್ಚೋದು, ಹೂ ಕಟ್ಟೋದು, ರಂಗೋಲಿ, ಮೊಮ್ಮಗನ ಜೊತೆ ಆಟ, ಊಟ. ಟೇಬಲ್ ಇದ್ದರೂ ನಮ್ಮಲ್ಲಿ ಅದರ ಮೇಲೆ ಇಸ್ತ್ರಿ ಬಟ್ಟೆ ಇರುತ್ತೆ.

ಅವರು ಒಂದು ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದರು. ಸಮ ನೆಲದಲ್ಲಿ ನಡೆಯಲು ಮಂಡಿ ಸುಮಾರು 65ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲಿಗೆ 85-90. ಕುರ್ಚಿಯಿಂದ ಏಳಲು 95ರ ಆಸುಪಾಸು. ಕುಕ್ಕರಗಾಲಲ್ಲಿ ಕೂರಬೇಕಾದರೆ 130 ದಾಟಬೇಕು. ಹೊಸ ಮಂಡಿ ಎಲ್ಲ ಸರಿಯಾಗಿ ನಡೆದರೆ ಸಾಮಾನ್ಯವಾಗಿ 110ರಿಂದ 120. ಲೆಕ್ಕ ಇಷ್ಟೇ. ಕುರ್ಚಿಯ ತನಕ ಆರಾಮಾಗಿ ಬರುತ್ತೆ, ನೆಲ ಮುಟ್ಟುವುದಿಲ್ಲ. ಕೆಲವರಿಗೆ ಅದಕ್ಕಿಂತ ಜಾಸ್ತಿಯೇ ಮಡಚುತ್ತೆ, ಆದರೂ ಹೆಚ್ಚಿನ ಡಾಕ್ಟರುಗಳು ಬೇಡ ಅನ್ನುತ್ತಾರೆ. ತೀರಾ ಮಡಚಿ ಅದರ ಮೇಲೆ ಭಾರ ಹಾಕಿದರೆ ಒಳಗಿನ ಪ್ಲಾಸ್ಟಿಕ್‌ಗೆ ಒಳ್ಳೆಯದಲ್ಲ ಅಂತ. ಆ ಚೀಟಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಇಡೀ ಆಪರೇಷನ್ನಿನಲ್ಲಿ ನನಗೆ ಯಾರಾದರೂ ಹೇಳಿದ ಅತಿ ಪ್ರಾಮಾಣಿಕ ಮಾತು ಅದೇ.

ಲೆಕ್ಕ ಹೀಗೆ ಯಾಕಿದೆ ಅನ್ನುವುದು ಆಮೇಲೆ ಓದಿ ತಿಳಿದದ್ದು. ಈಗ ಎಲ್ಲ ಕಡೆ ಹಾಕುವ ಮಂಡಿಗಳ ಮೂಲ 1974ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಬಳಕೆಗೆ ಬಂದ ‘ಟೋಟಲ್ ಕಾಂಡೈಲರ್’ ಅನ್ನುವ ಮಾದರಿ. ತೊಡೆಮೂಳೆಯ ತುದಿಯನ್ನು ಸ್ವಲ್ಪ ಕೆತ್ತಿ ಲೋಹದ ಹೊದಿಕೆ ಹಾಕೋದು, ಕೆಳಗಿನ ಮೂಳೆಯ ತಲೆ ಸವರಿ ಪಾಲಿಎಥಿಲೀನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ತಟ್ಟೆ ಕೂರಿಸೋದು, ಅಂಟಿಸಲು ಅಕ್ರಿಲಿಕ್ ಸಿಮೆಂಟು. ಇವತ್ತಿಗೂ ಮೂಲ ಉಪಾಯ ಅದೇ. ಮಾದರಿ ಮಾಡಿದವರಲ್ಲಿ ಜಾನ್ ಇನ್ಸಾಲ್, ಪೀಟರ್ ವಾಕರ್ ಜೊತೆಗೆ ಚಿತ್ತರಂಜನ್ ರಾಣಾವತ್ ಕೂಡ ಇದ್ದರು. ಅವರು ನಮ್ಮ ದೇಶದಲ್ಲೇ ಹುಟ್ಟಿ ಓದಿ ಅಮೆರಿಕಕ್ಕೆ ಹೋದವರು. ಆ ಮಂಡಿ ಮಡಚುತ್ತಿದ್ದುದು ಹೆಚ್ಚುಕಮ್ಮಿ 90 ಡಿಗ್ರಿ. ಕುರ್ಚಿಯಲ್ಲಿ ಕೂತು ಉಣ್ಣುವ, ಕಮೋಡ್ ಬಳಸುವ, ಮೇಜಿನ ಮೇಲೆ ಹೆಚ್ಚುವ ಊರಿನಲ್ಲಿ ಅದು ಬದುಕಿಗೆ ಸಾಕಾಗುವಷ್ಟು. ನಮ್ಮ ಮನೆಯ ಪಟ್ಟಿಗೆ ಸಾಕಾಗುವುದಿಲ್ಲ. ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ. 2000ದ ಅಕ್ಟೋಬರಿನಲ್ಲಿ ಮುಂಬೈಗೆ ಬಂದು ವಾಜಪೇಯಿಯವರ ಎಡ ಮಂಡಿಯ ಆಪರೇಷನ್ ಮಾಡಿದ್ದು ಇದೇ ರಾಣಾವತ್. ಮರುವರ್ಷ ಜೂನ್‌ನಲ್ಲಿ ಬಲ ಮಂಡಿಯೂ ಆಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಬಹಳ ಜನ ಇಂಥದ್ದೊಂದು ಆಪರೇಷನ್ ಇದೆ ಅಂತ ಕೇಳಿದ್ದೇ ಆಗ. ಪ್ರಧಾನಮಂತ್ರಿಗೆ ಮಾಡುತ್ತಾರೆ, ನಮ್ಮಂಥವರಿಗೆಲ್ಲಿ ಅಂದುಕೊಂಡಿದ್ದೆವು.

ನಮ್ಮಂಥವರ ಕೈಗೆ ಎಟುಕುವಂತೆ ಆಗಿದ್ದು 2017ರ ಆಗಸ್ಟಿನಲ್ಲಿ. ಆಗ ಕೇಂದ್ರ ಸರ್ಕಾರ ಮಂಡಿಯ ಸಾಮಾನಿಗೆ ಗರಿಷ್ಠ ಬೆಲೆ ಕಟ್ಟಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಅದುವರೆಗೆ ಸರಾಸರಿ ಒಂದೂವರೆ ಲಕ್ಷದ ಮೇಲಿತ್ತು. ಅದು 54,720 ರೂಪಾಯಿಗೆ ಇಳಿಯಿತು, ಜಿಎಸ್‌ಟಿ ಬೇರೆ. ಅದೇ ಪಟ್ಟಿಯಲ್ಲಿ ‘ಹೈ ಫ್ಲೆಕ್ಸಿಬಿಲಿಟಿ’ ಅಂತ ಬೇರೆಯೇ ಒಂದು ಸಾಲಿತ್ತು, 56,490. ಅಂದರೆ ಜಾಸ್ತಿ ಮಡಚುವ ಮಂಡಿ. ನೆಲದ ಮೇಲೆ ಬದುಕುವ ಏಷ್ಯಾದ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಕಂಪನಿಗಳು ಮಾಡಿದ್ದು. ನಮ್ಮಕ್ಕ ಬೆಲೆ ಇಳಿಯುವ ಮೊದಲೇ ಅದನ್ನು ಹಾಕಿಸಿಕೊಂಡಿದ್ದಳು. ಅವಳೂ ಕುರ್ಚಿಯಲ್ಲೇ ಕೂರುತ್ತಾಳೆ. ಎರಡೂ ಥರದ ಮಂಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಆಪರೇಷನ್ನಿಗೆ ಮೊದಲು ಮಂಡಿ ಎಷ್ಟು ಮಡಚುತ್ತಿತ್ತು ಅನ್ನುವುದೇ ಆಮೇಲೆ ಎಷ್ಟು ಮಡಚುತ್ತೆ ಅನ್ನುವುದಕ್ಕೆ ಒಳ್ಳೆಯ ಸೂಚನೆಯಂತೆ. ಮುಂದೂಡುತ್ತಾ ಮಂಡಿ ಬಿಗಿದುಕೊಂಡವರಿಗೆ ಈ ಮಾತು ಯಾರೂ ಹೇಳಿರುವುದಿಲ್ಲ.

ಆಸ್ಪತ್ರೆಯ ಪಟ್ಟಿಯಲ್ಲಿ ಇಲ್ಲದ್ದು

ಆಸ್ಪತ್ರೆಯವರು ತಯಾರಿಗೆ ಒಂದು ಪಟ್ಟಿ ಕೊಟ್ಟರು. ಒಳ್ಳೆಯ ಪಟ್ಟಿಯೇ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ, ಹೃದಯದ ಡಾಕ್ಟರ ಒಪ್ಪಿಗೆ, ಮೂತ್ರದ ಸೋಂಕು ಇಲ್ಲ ಅಂತ ರಿಪೋರ್ಟು. ಹುಳುಕು ಹಲ್ಲಿದ್ದರೆ ಮೊದಲೇ ತೋರಿಸಿಕೊಳ್ಳಿ ಅಂದರು. ಬಾಯಿಗೂ ಮಂಡಿಗೂ ಏನು ಸಂಬಂಧ ಅಂತ ನಮ್ಮೆಜಮಾನ್ರು ಗೊಣಗಿದರು. ಸಂಬಂಧ ಇದೆ. ಮೈಯಲ್ಲಿ ಎಲ್ಲೇ ಕೀವಿದ್ದರೂ ಅಲ್ಲಿಂದ ಸೋಂಕು ರಕ್ತದಲ್ಲಿ ಹೋಗಿ ಹೊಸ ಲೋಹದ ಮೇಲೆ ಕೂತರೆ ಬಿಡಿಸೋದು ಬಲು ಕಷ್ಟ, ಕೆಲವೊಮ್ಮೆ ಹಾಕಿದ್ದನ್ನೇ ತೆಗೆಯಬೇಕಾಗುತ್ತದೆ. ಕಾಲ್ಬೆರಳ ಸಂದಿಯ ಕೆಸರುಹುಣ್ಣನ್ನೂ ಅವರು ಬಗ್ಗಿ ಬಗ್ಗಿ ನೋಡಿದರು. ದಿನವಿಡೀ ನೀರಲ್ಲಿ ಕಾಲಿಡುವ ನಮಗೆ ಅದು ಲೆಕ್ಕಕ್ಕೇ ಇಲ್ಲ, ಆಪರೇಷನ್ ಮುಂದಕ್ಕೆ ಹಾಕಲು ಅದೊಂದೇ ಸಾಕು. ಮಂಡಿಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡು ಮೂರು ತಿಂಗಳಾದರೂ ಆಗಿರಬೇಕು. ಕುರ್ಚಿ ಸಾಲಿನಲ್ಲಿ ‘ಒಂದು ಇಂಜೆಕ್ಷನ್ ಹಾಕಿಸ್ಕೊಂಡು ಮದ್ವೆ ಮುಗಿಸಿ, ಆಮೇಲೆ ಆಪರೇಷನ್’ ಅನ್ನುವವರು ಇದನ್ನು ಕೇಳಿಕೊಳ್ಳಿ.

ಜೊತೆಗೆ ವ್ಯಾಯಾಮ. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತೋದು, ಕಾಲು ನೆಟ್ಟಗೆ ಮಾಡಿ ಎತ್ತಿ ಹಿಡಿಯೋದು. ತೊಡೆಯ ಮುಂದಿನ ಸ್ನಾಯು ಗಟ್ಟಿಯಿದ್ದರೆ ಆಮೇಲೆ ಏಳೋದು ಸುಲಭ. ಬೇಸರದ ಕೆಲಸ, ಆದರೆ ಸೀರಿಯಲ್ ನೋಡುತ್ತಾ ಮಾಡಬಹುದು.

ಪಟ್ಟಿಯಲ್ಲಿ ಇಲ್ಲದ್ದು ನಮ್ಮ ಮನೆ. ಹಳೇ ಕಾಲದ ಮನೆ, ಪ್ರತಿ ಕೋಣೆಗೂ ಹೊಸ್ತಿಲು. ವಾಕರ್‌ಗೆ ಚಕ್ರವಿರಲಿ ಇಲ್ಲದಿರಲಿ, ಹೊಸ್ತಿಲ ಹತ್ತಿರ ನಿಂತುಬಿಡುತ್ತದೆ. ಎತ್ತಿ ದಾಟಿಸಬೇಕು, ದಾಟಿಸುವಾಗ ಒಂದು ಕಾಲಿನ ಮೇಲೆ ನಿಲ್ಲಬೇಕು. ಬಡಗಿಯನ್ನು ಕರೆಸಿ ಮರದ ಇಳಿಜಾರು ಹಲಗೆ ಮಾಡಿಸೋಣ ಅಂದರೆ ನಮ್ಮತ್ತಿಗೆ “ಹೊಸ್ತಿಲು ಮುಚ್ತೀರಾ? ಲಕ್ಷ್ಮಿ ಎಲ್ಲಿ ಕೂರ್ಬೇಕು?” ಅಂದರು. ಮಲಗುವ ಕೋಣೆ, ಬಚ್ಚಲು ಎರಡಕ್ಕೆ ಮಾತ್ರ ಅಂತ ಒಪ್ಪಂದವಾಯಿತು. ಬಚ್ಚಲಿನಲ್ಲಿ ಮಣೆ ಹಾಕಿಕೊಂಡು ಚೊಂಬಿನಲ್ಲಿ ನೀರು ಹುಯ್ದುಕೊಳ್ಳುವ ಅಭ್ಯಾಸ. ಮಣೆಯ ಜಾಗಕ್ಕೆ ಕೈಯಿರುವ ಕುರ್ಚಿ ಬಂತು. ಕುರ್ಚಿಯಲ್ಲಿ ಕೂತರೆ ಬಕೆಟ್ ಕೆಳಗಾಯಿತು, ಹಾಗಾಗಿ ಬಕೆಟ್ಟಿಗೆ ಒಂದು ಸ್ಟೂಲು. ಅಕ್ಕಿ, ಬೇಳೆ, ರಾಗಿ ಹಿಟ್ಟಿನ ಡಬ್ಬಗಳೆಲ್ಲ ಅಡುಗೆಮನೆಯ ಕೆಳಗಿನ ಗೂಡಿನಿಂದ ಮೇಲಕ್ಕೆ ಬಂದವು. ದೇವರ ಮನೆಯಲ್ಲಿ ದೀಪ ನೆಲದ ಮಟ್ಟದಲ್ಲಿತ್ತು, ಅದಕ್ಕೊಂದು ಎತ್ತರದ ಪೀಠ. ಈಳಿಗೆ ಮಣೆ ಅಟ್ಟಕ್ಕೆ ಹೋಯಿತು. ಒಂದು ವಾರ ಮನೆಯನ್ನೆಲ್ಲ ಎರಡಡಿ ಮೇಲಕ್ಕೆ ಎತ್ತುವ ಕೆಲಸವೇ ನಡೆಯಿತು.

ಹಾಗೆ ಎತ್ತುವಾಗಲೇ ನನಗೆ ಅಮ್ಮನ ಮನೆ ನೆನಪಾಗಿದ್ದು. ಹೊಳೆನರಸೀಪುರದ ಕಡೆ, ರೆಡ್ ಆಕ್ಸೈಡ್ ನೆಲದ ಅಡುಗೆಮನೆ. ಅಮ್ಮ ಆ ನೆಲದಲ್ಲಿ ಮಾಡದ ಕೆಲಸವಿರಲಿಲ್ಲ. ಶಾವಿಗೆ ಒತ್ತೋದು, ಹಪ್ಪಳಕ್ಕೆ ಹಿಟ್ಟು ಕುಟ್ಟೋದು, ರುಬ್ಬೋದು, ನಮಗೆ ಜಡೆ ಹಾಕೋದು, ಅಪ್ಪನ ಜೊತೆ ಜಗಳ ಆಡೋದು, ಎಲ್ಲ ಕೂತೇ. ಬೇಸಿಗೆ ಮಧ್ಯಾಹ್ನ ಆ ನೆಲಕ್ಕೆ ಕೆನ್ನೆ ಒತ್ತಿ ನಾವು ಮಲಗಿದರೆ, ಪಕ್ಕದಲ್ಲಿ ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿರುತ್ತಿದ್ದಳು. ಯಾರಾದರೂ ಬಾಗಿಲು ತಟ್ಟಿದರೆ ಕೈ ಊರದೆ, ಮೊರ ಹಿಡಿದುಕೊಂಡೇ ಎದ್ದುಬಿಡುತ್ತಿದ್ದಳು. ಎಪ್ಪತ್ತರಲ್ಲೂ ಹಾಗೇ. ಅವಳ ಮಗಳಾದ ನನಗೆ ಅರವತ್ತಕ್ಕೇ ಇದು ಯಾಕೆ ಅಂತ ಬಹಳ ಯೋಚಿಸಿದ್ದೇನೆ. ನೆಲ ಬಿಟ್ಟಿದ್ದಕ್ಕೇ ಮಂಡಿ ನೋವು ಅನ್ನುವವರು ನಮ್ಮಲ್ಲಿ ಬಹಳ ಇದ್ದಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಬೀಜಿಂಗಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಯೌವನದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದವರಿಗೇ ಮಂಡಿ ಸವೆತ ಜಾಸ್ತಿ ಕಂಡಿತ್ತು. ಅಮ್ಮನಿಗೂ ನನಗೂ ಇದ್ದ ದೊಡ್ಡ ವ್ಯತ್ಯಾಸ ತೂಕದ್ದು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದಂತೆ. ಉಲ್ಟಾ ಲೆಕ್ಕವೂ ಅಷ್ಟೇ ನಿಜ. ಆ ಲೆಕ್ಕ ಮಾಡಲು ಗಣಿತದ ಟೀಚರೇ ಆಗಬೇಕಿಲ್ಲ.

ಆಪರೇಷನ್ನಿನ ಬೆಳಿಗ್ಗೆ ನಡೆದ ನಿಜವಾದ ಯುದ್ಧ ಕಾಲುಂಗುರದ್ದು. ಮೈಮೇಲೆ ಲೋಹ ಇರಬಾರದು. ಬಳೆ, ಓಲೆ, ಮೂಗುತಿ ಬಂದವು. ತಾಳಿ ತೆಗೆಯಬೇಕು ಅಂದಾಗ ಅತ್ತಿಗೆ ಮೊದಲೇ ತಯಾರಾಗಿ ಬಂದಿದ್ದರು. ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ತಂದಿದ್ದರು, ಅದು ಕೊರಳಿಗೇರಿದ ಮೇಲೆಯೇ ಸರ ಕೈಚೀಲಕ್ಕೆ ಇಳಿಯಿತು. ಕಾಲುಂಗುರ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಸೋಪು, ಕೊಬ್ಬರಿ ಎಣ್ಣೆ, ದಾರ ಸುತ್ತಿ ಎಳೆಯೋದು ಎಲ್ಲ ಆಯಿತು. ಕೇರಳದ ನರ್ಸಮ್ಮ ಒಬ್ಬಳು ತನ್ನದೇ ಕನ್ನಡದಲ್ಲಿ ಸಮಾಧಾನ ಮಾಡುತ್ತಾ ಕೊನೆಗೆ ಚಿಕ್ಕ ಕಟರ್ ತಂದಳು. ಮಂಡಿ ಕತ್ತರಿಸುತ್ತಾರೆ ಅಂತ ಹೆದರದವಳು ಉಂಗುರ ಕತ್ತರಿಸುವಾಗ ಅತ್ತೆ. ಆಮೇಲೆ ಅವರು ಬಲ ತೊಡೆಯ ಮೇಲೆ ಪೆನ್ನಿನಲ್ಲಿ ಬಾಣದ ಗುರುತು ಹಾಕಿದರು. ಯಾವ ಕಾಲು ಅಂತ ನನ್ನ ಬಾಯಿಂದಲೇ ಮೂರ್ನಾಲ್ಕು ಜನ ಬೇರೆ ಬೇರೆಯಾಗಿ ಹೇಳಿಸಿದರು. ಇಷ್ಟು ಸಲ ಕೇಳುತ್ತಾರಲ್ಲ ಅಂತ ಗಾಬರಿಯಾಗಬೇಡಿ, ಕೇಳದಿದ್ದರೆ ಗಾಬರಿಯಾಗಬೇಕು.

ಹದಿನೇಳರ ಮಗ್ಗಿ

ಆಪರೇಷನ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬೆನ್ನಿಗೆ ಚುಚ್ಚಿದರು, ಸೊಂಟದ ಕೆಳಗೆ ನನ್ನದಲ್ಲ ಅನ್ನಿಸಿತು. ಅರೆನಿದ್ದೆಯಲ್ಲಿ ಸುತ್ತಿಗೆಯ ಸದ್ದು ಕೇಳಿತು. ಯಾರೋ ಹಳೇ ಹಿಂದಿ ಹಾಡು ಹಾಕಿದ್ದರು. ಮರುದಿನ ಬೆಳಿಗ್ಗೆಯೇ ವಾಕರ್ ಹಿಡಿಸಿ ನಿಲ್ಲಿಸಿದರು. ಆಶ್ಚರ್ಯ ಅಂದರೆ ಹಳೆಯ ನೋವು ಇರಲಿಲ್ಲ. ಮೂಳೆಗೆ ಮೂಳೆ ತಾಗುವ ಆ ಮುಳ್ಳಿನಂಥ ನೋವು ರಾತ್ರೋರಾತ್ರಿ ಹೋಗಿತ್ತು. ಅದರ ಜಾಗದಲ್ಲಿ ಇನ್ನೊಂದು ನೋವು ಬಂದು ಕೂತಿತ್ತು. ಕೊಯ್ದ ನೋವು, ಊತದ ನೋವು, ಬಿಗಿತದ ನೋವು. ಇದು ದೊಡ್ಡದೇ, ಆದರೆ ಇಳಿಯುವ ನೋವು ಅಂತ ಗೊತ್ತಿತ್ತು. ಹಳೆಯದು ಬೆಳೆಯುವ ನೋವಾಗಿತ್ತು.

ಮನೆಗೆ ಬಂದ ಮೇಲೆ ಎರಡು ಜಗಳ ಶುರುವಾದವು. ಮೊದಲನೆಯದು ದಿಂಬಿನದು. ನಮ್ಮೆಜಮಾನ್ರಿಗೆ ನನ್ನ ಕಾಲು ನೋಡಿ ಅಯ್ಯೋ ಅನ್ನಿಸಿ, ನಾನು ನಿದ್ದೆ ಹೋದಾಗ ಮೆಲ್ಲಗೆ ಮಂಡಿ ಕೆಳಗೆ ಮೆತ್ತನೆ ದಿ‍ಂಬು ತುರುಕುತ್ತಿದ್ದರು. ಹಾಯಾಗಿಯೇ ಇರುತ್ತಿತ್ತು. ಬೆಳಿಗ್ಗೆ ಬರುವ ಫಿಸಿಯೋ ಹುಡುಗಿ ಅದನ್ನು ಕಿತ್ತು ಹಿಮ್ಮಡಿ ಕೆಳಗೆ ಇಡುತ್ತಿದ್ದಳು. “ಅಂಕಲ್, ಮಡಚೋದು ಆಮೇಲೆ ಬರತ್ತೆ. ಚಾಚೋದು ಈಗ ಹೋದ್ರೆ ಬರಲ್ಲ.” ಮಂಡಿ ಸ್ವಲ್ಪ ಮಡಚಿಕೊಂಡೇ ಬಿಗಿದುಬಿಟ್ಟರೆ ಜೀವಮಾನವಿಡೀ ಕುಂಟು. ಎರಡನೆಯದು ತಂಡಿಯದು. ಡಾಕ್ಟರು ದಿನಕ್ಕೆ ಮೂರ್ನಾಲ್ಕು ಸಲ ಐಸ್ ಇಡಿ ಅಂದರು. ಅತ್ತಿಗೆ ಬಾಣಂತಿಯರನ್ನು ನೋಡಿಕೊಂಡು ಪಳಗಿದ ಕೈ. ಐಸ್ ಅಂದರೆ ಅವರಿಗೆ ಕೊಲೆ ಮಾಡಿದ ಹಾಗೆ. “ತಂಡಿ ಒಳಗೆ ಸೇರಿದ್ರೆ ಸಾಯೋ ತನಕ ಹೋಗಲ್ಲ” ಅಂತ ಬಿಸಿನೀರಿನ ಚೀಲ, ಮಹಾನಾರಾಯಣ ತೈಲ ಎರಡನ್ನೂ ತಂದಿಟ್ಟರು. ಹೊಸ ಗಾಯದ ಮೇಲೆ ಶಾಖವೂ ಬೇಡ, ತಿಕ್ಕೋದೂ ಬೇಡ ಅಂತ ಎಷ್ಟು ಹೇಳಿದರೂ ಅವರು ಫ್ರಿಜ್ಜಿನ ಬಾಗಿಲು ಕಾಯುತ್ತಿದ್ದರು. ನೋಡಲು ಬಂದವರು ಕಾಲು ಸೂಪು ಮಾಡಿಕೊಡಿ ಅಂದರು. ಸಸ್ಯಾಹಾರಿಗಳ ಮನೆ ಅಂತ ನೆನಪಾಗಿ ಹುರುಳಿ ಸಾರಿಗೆ ಇಳಿದರು.

ಫಿಸಿಯೋ ಹುಡುಗಿ ಮಂಡ್ಯದ ಕಡೆಯವಳು, ಸಣ್ಣ ಮೈಕಟ್ಟು, ಕೈ ಮಾತ್ರ ಕಬ್ಬಿಣ. ಅವಳ ಬ್ಯಾಗಿನಲ್ಲಿ ಪ್ಲಾಸ್ಟಿಕ್ಕಿನ ಕೋನಮಾಪಕ. ನಾನು ಮೂವತ್ತು ವರ್ಷ ಮಕ್ಕಳ ಕೈಗೆ ಕೊಟ್ಟ ಸಾಮಾನು ಈಗ ನನ್ನ ಕಾಲಿಗೇ ಬಂದಿತ್ತು. ಎರಡು ವಾರಕ್ಕೆ, ಹೊಲಿಗೆ ತೆಗೆಯುವ ಹೊತ್ತಿಗೆ, 90 ಮುಟ್ಟಬೇಕು ಅನ್ನುವುದು ಗುರಿ. ನಾನು ಎಪ್ಪತ್ತರ ಸುತ್ತ ನಿಂತುಬಿಟ್ಟಿದ್ದೆ. ಒಂದು ಸಂಜೆ ಮಂಚದ ಅಂಚಿಗೆ ಕೂರಿಸಿ, ಕಾಲು ಇಳಿಬಿಟ್ಟು, ಪಾದ ಹಿಡಿದು ಹಿಂದಕ್ಕೆ ಒತ್ತಲು ಶುರು ಮಾಡಿದಳು. “ಉಸಿರು ಹಿಡೀಬೇಡಿ ಆಂಟಿ. ಮಾತಾಡಿ, ಏನಾದ್ರೂ ಮಾತಾಡಿ. ಪಾಠ ಮಾಡಿ.” ಏನು ಪಾಠ ಮಾಡೋದು? ಬಾಯಿಗೆ ಬಂದದ್ದು ಹದಿನೇಳರ ಮಗ್ಗಿ. ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದು ಅದು. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು. ಐದರ ತನಕ ಸರಿಯಾಗಿತ್ತು. ಆರಕ್ಕೆ ಕಣ್ಣಲ್ಲಿ ನೀರು ಬಂತು. ಏಳಕ್ಕೆ ಅವಳ ವಂಶವನ್ನೆಲ್ಲ ಬೈದೆ. ನಿಜವಾಗಲೂ ಬೈದೆ, ಕ್ಲಾಸಿನಲ್ಲಿ ಯಾವತ್ತೂ ಬಳಸದ ಮಾತಿನಲ್ಲಿ. ಅವಳು ಕೈ ಬಿಡಲಿಲ್ಲ. “ಹದಿನೇಳೆಂಟ್ಲ ಎಷ್ಟು ಆಂಟಿ?” ನನಗೆ ಹೊಳೆಯಲೇ ಇಲ್ಲ. ಅಡುಗೆಮನೆಯಿಂದ ನಮ್ಮೆಜಮಾನ್ರು “ನೂರಾ ಮೂವತ್ತಾರು” ಅಂತ ಕೂಗಿದರು. ಇಬ್ಬರಿಗೂ ನಗು ಬಂತು, ನಗುವಾಗ ಮೈ ಸಡಿಲವಾಯಿತು, ಅಷ್ಟರಲ್ಲಿ ಅವಳು ಇನ್ನೊಂದಿಷ್ಟು ಒತ್ತಿದಳು. ಕೋನಮಾಪಕ ಇಟ್ಟು ನೋಡಿದರೆ ತೊಂಬತ್ತಕ್ಕೆ ಚೂರು ಕಮ್ಮಿ. ಅವತ್ತಿನಿಂದ ದಿನಾ ಮಗ್ಗಿ.

ಯಾರೂ ಹೇಳದ ಇನ್ನೊಂದು ವಿಷಯ ಮೂರನೇ ವಾರದ್ದು. ನೋಡಲು ಬರುವವರು ನಿಂತಿರುತ್ತಾರೆ, ಮಗಳು ರಜೆ ಮುಗಿಸಿ ಹೋಗಿರುತ್ತಾಳೆ, ಊತ ಹಾಗೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ನೋವಿನ ಮಾತ್ರೆಗೆ ಹೊಟ್ಟೆ ಕಟ್ಟಿರುತ್ತದೆ. ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸುತ್ತದೆ. ಬಹಳ ಜನರಿಗೆ ಹೀಗಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅಷ್ಟು ಹೆದರಬೇಕಿರಲಿಲ್ಲ. ಊತ, ಬಿಸಿ ಪೂರ್ತಿ ಇಳಿಯಲು ತಿಂಗಳುಗಳೇ ಬೇಕು. ಆದರೆ ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ, ಗಾಯ ಸೋರಿದರೆ ಅಥವಾ ಜ್ವರ ಬಂದರೆ ಮಾತ್ರ ‘ಎಲ್ಲರಿಗೂ ಹೀಗೇ’ ಅಂತ ಕಾಯಬಾರದು, ಆಗಲೇ ಆಸ್ಪತ್ರೆಗೆ ಹೋಗಬೇಕು.

ಸಿಕ್ಕಿದ್ದು, ಬಿಟ್ಟಿದ್ದು

ಸಿಕ್ಕಿದ್ದು ಸಣ್ಣದಲ್ಲ. ಕುಕ್ಕರಹಳ್ಳಿ ಕೆರೆಯನ್ನು ಪೂರ್ತಿ ಒಂದು ಸುತ್ತು ಬರುತ್ತೇನೆ, ಎಲ್ಲೂ ಕಲ್ಲುಬೆಂಚು ಹುಡುಕದೆ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನವರ ಹತ್ತಿರ ನಿಂತು ಚೌಕಾಸಿ ಮಾಡುತ್ತೇನೆ. ಮೊದಲು ಕಾಲು ನೋವಿಗೆ ಅವರು ಹೇಳಿದ ರೇಟಿಗೇ ತರುತ್ತಿದ್ದೆ. ಮೆಟ್ಟಿಲಿಗೆ ಒಂದೊಂದೇ ಕಾಲು ಇಟ್ಟು ಹತ್ತುತ್ತೇನೆ. ಆರಂಭದಲ್ಲಿ ಹತ್ತುವಾಗ ಆಪರೇಷನ್ ಆಗದ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ರಾತ್ರಿ ನಿದ್ದೆ ಬರುತ್ತದೆ. ಮಂಡಿಯ ಹೊರಮಗ್ಗುಲಲ್ಲಿ ಅಂಗೈಯಗಲ ಜಾಗಕ್ಕೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಚರ್ಮ ಕೊಯ್ಯುವಾಗ ಅಲ್ಲಿಗೆ ಹೋಗುವ ಸಣ್ಣ ನರ ತುಂಡಾಗುವುದು ಮಾಮೂಲಂತೆ. ಒಮ್ಮೊಮ್ಮೆ ಒಳಗೆ ಟಿಕ್ ಅನ್ನುತ್ತದೆ, ಲೋಹ ಪ್ಲಾಸ್ಟಿಕ್‌ಗೆ ತಾಗುವ ಸದ್ದು. ಮೊಮ್ಮಗನಿಗೆ ಅದು ಕೇಳಿಸಿಕೊಳ್ಳುವ ಹುಚ್ಚು. ಏರ್‌ಪೋರ್ಟಿನಲ್ಲಿ ಕೂಗುತ್ತದೆ, ಸೀರೆ ಸ್ವಲ್ಪ ಎತ್ತಿ ಗಾಯದ ಗುರುತು ತೋರಿಸುತ್ತೇನೆ. ಎಷ್ಟು ವರ್ಷ ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ನೂರರಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ. ನನಗೆ ಧಾರಾಳವಾಯಿತು.

ಆದರೂ ಮಾಡಿಸಿಕೊಂಡವರಲ್ಲಿ ಸುಮಾರು ಐವರಿಗೆ ಒಬ್ಬರು ಪೂರ್ತಿ ತೃಪ್ತಿ ಇಲ್ಲ ಅನ್ನುತ್ತಾರಂತೆ. ನಮ್ಮ ಹಿಂದಿನ ರಸ್ತೆಯಲ್ಲೇ ಅಂಥವರೊಬ್ಬರಿದ್ದಾರೆ. ಎಕ್ಸ್-ರೇ ಚೆನ್ನಾಗಿದೆ, ನಡಿಗೆ ಚೆನ್ನಾಗಿದೆ, ಮುಖ ಮಾತ್ರ ಸಪ್ಪಗೆ. ಅವರು ಹರಿಕಥೆ, ಭಜನೆ ಅಂತ ಬದುಕಿದವರು, ನೆಲದಲ್ಲಿ ಕೂತು ಹಾರ್ಮೋನಿಯಂ ನುಡಿಸುವವರು. ಆಪರೇಷನ್ ಆದ ಮೇಲೆ ಮತ್ತೆ ಹಾಗೆ ಕೂರಬಹುದು ಅಂದುಕೊಂಡೇ ಮಾಡಿಸಿಕೊಂಡಿದ್ದು. ಯಾರೂ ಅವರಿಗೆ ಚೀಟಿಯ ಹಿಂದೆ ಬರೆದು ತೋರಿಸಲಿಲ್ಲ. ನೋವು ಹೋಯಿತು ಅಂದರೆ ಹಳೆಯ ಮೈ ವಾಪಸ್ ಬಂತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬರುವುದು ಬೇರೊಂದು ಮೈ. ಅದು ನಡೆಯಬಲ್ಲದು, ನಿಲ್ಲಬಲ್ಲದು, ಇಳಿದು ಕೂರಲಾರದು.

ನೆಲದ ಮೇಲೆ ಕೂರಲೇ ಆಗುವುದಿಲ್ಲ ಅಂತೇನೂ ಇಲ್ಲ, ನೋಡಿ. ಬಿದ್ದರೆ ಹೇಗೆ ಏಳಬೇಕು ಅಂತ ಫಿಸಿಯೋ ಹುಡುಗಿ ಕಲಿಸಿದ್ದಾಳೆ. ಕುರ್ಚಿ ಹಿಡಿದು ಒಂದು ಮಗ್ಗುಲಿಗೆ ಇಳಿದು, ಕಾಲು ನೀಡಿ ಕೂರಬಹುದು. ಹಾಗೆ ಇಳಿದು ಮೊಮ್ಮಗನ ಜೊತೆ ಬ್ಲಾಕ್ಸ್ ಜೋಡಿಸುತ್ತೇನೆ. ಏಳುವಾಗ ನಾಲ್ಕು ಕಾಲಿನ ಪ್ರಾಣಿಯಾಗುತ್ತೇನೆ, ಅವನಿಗೆ ಅದೂ ಆಟ. ಮಂಡಿ ಒಪ್ಪುತ್ತದೆ, ನಮ್ಮ ರೀತಿನೀತಿ ಒಪ್ಪುವುದಿಲ್ಲ. ದೇವರ ಕಡೆ, ಹಿರಿಯರ ಕಡೆ ಕಾಲು ಚಾಚಿ ಕೂರಬಾರದು ಅಂತ ಹುಟ್ಟಿದಾಗಿನಿಂದ ಕೇಳಿದ್ದೇವೆ. ಗೃಹಪ್ರವೇಶದಲ್ಲಿ ಆ ಹೆಂಗಸಿಗೆ ಹೇಳಬೇಕಾಗಿದ್ದುದು ಇದನ್ನೇ. ಕೂರಬಹುದಮ್ಮ, ಹೋಮಕುಂಡದ ಕಡೆ ಎರಡೂ ಕಾಲು ನೀಡಿಕೊಂಡು ಕೂರಬಹುದು. ಪುರೋಹಿತರು ಏನಂತಾರೆ ಅಂತ ನೀವೇ ಕೇಳಿ.

ವರಮಹಾಲಕ್ಷ್ಮಿಗೆ ಈಗ ಕಳಶ ಡೈನಿಂಗ್ ಟೇಬಲ್ ಮೇಲೆ. ಇಸ್ತ್ರಿ ಬಟ್ಟೆಗಳಿಗೆ ಬೇರೆ ಜಾಗವಾಯಿತು. ರಂಗೋಲಿ ಸೊಸೆ ಹಾಕುತ್ತಾಳೆ, ನಾನು ನಿಂತು ಎಳೆ ತಪ್ಪಿದ್ದನ್ನು ಹೇಳುತ್ತೇನೆ. ಅವಳಿಗೆ ಇಷ್ಟವಿಲ್ಲ, ನನಗೆ ಗೊತ್ತು, ಆದರೂ ಹೇಳುತ್ತೇನೆ. ಊರ ದೇವಸ್ಥಾನದಲ್ಲಿ ಊಟಕ್ಕೆ ಹೋದರೆ ಪಂಕ್ತಿಯ ಕೊನೆಗೆ ನಮ್ಮಂಥವರಿಗೆ ಎರಡು ಟೇಬಲ್ ಹಾಕಿರುತ್ತಾರೆ. ಬಡಿಸುವ ಹುಡುಗರು ಬಗ್ಗಿ ಬಗ್ಗಿ ಬಡಿಸಿ ಸುಸ್ತಾಗಿ ನಮ್ಮ ಹತ್ತಿರ ಬಂದಾಗ ಸೊಂಟ ನೆಟ್ಟಗೆ ಮಾಡಿಕೊಂಡು ಒಂದು ಸೌಟು ಜಾಸ್ತಿಯೇ ಹಾಕುತ್ತಾರೆ. ಪಾಯಸದ ವಿಷಯದಲ್ಲಿ ನಾನು ತಕರಾರು ಮಾಡಿಲ್ಲ.

ಈಗ ಎಡ ಮಂಡಿಯ ಸರದಿ. ಎಕ್ಸ್-ರೇಯಲ್ಲಿ ಅದರ ಜಾಗವೂ ಮುಗಿದಿದೆ. ನಮ್ಮೆಜಮಾನ್ರು “ದಸರಾ ಮುಗೀಲಿ” ಅಂದರು. ಮೈಸೂರಿನವರು ಬೇರೇನು ಹೇಳುತ್ತಾರೆ. ನಾನು ದಸರೆಗೆ ಮುಂಚಿನ ತಾರೀಖನ್ನೇ ತೆಗೆದುಕೊಂಡಿದ್ದೇನೆ, ಇನ್ನೂ 115 ಮಡಚುತ್ತಿರುವಾಗಲೇ ಮಾಡಿಸಿಕೊಳ್ಳಬೇಕು ಅಂತ. ಈ ವರ್ಷ ಪಟ್ಟದ ಗೊಂಬೆ ಕೂರಿಸೋದು ಅವರ ಪಾಲಿಗೆ. ಇಳಿಜಾರು ಹಲಗೆ, ಬಕೆಟ್ಟಿನ ಸ್ಟೂಲು ಎಲ್ಲ ಅಲ್ಲಲ್ಲೇ ಇವೆ. ಕಾಲುಂಗುರ ಈ ಸಲ ಸಡಿಲದ್ದು ಮಾಡಿಸಿಕೊಂಡಿದ್ದೇನೆ. ಫಿಸಿಯೋ ಹುಡುಗಿಗೆ ಮದುವೆಯಾಗಿ ಹಾಸನಕ್ಕೆ ಹೋದಳು, ಅವಳ ಬದಲು ಯಾರೋ ಹುಡುಗ ಬರುತ್ತಾನಂತೆ. ಅವನ ಕೈ ಹೇಗೋ ಏನೋ. ಹದಿನೇಳರ ಮಗ್ಗಿ ಈಗ ತೀರಾ ಬಾಯಿಪಾಠ, ಅದರಿಂದ ಏನೂ ಪ್ರಯೋಜನವಿಲ್ಲ. ಹತ್ತೊಂಬತ್ತರದು ಶುರು ಮಾಡಿದ್ದೇನೆ.